ನಡುದಾರಿಯಲ್ಲಿ ನಿಲ್ಲುವ ಬೈಕು

ಡಾಂಬರು ಮುಗಿದ ಮೇಲೂ ದಾರಿ ಇರುತ್ತದೆ. ಆ ದಾರಿಯ ಕೊನೆಯಲ್ಲಿ ಮನೆಗಳಿರುತ್ತವೆ, ತೋಟಗಳಿರುತ್ತವೆ, ಶಾಲೆಗೆ ಹೋಗುವ ಮಕ್ಕಳಿರುತ್ತಾರೆ. ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ಸುತ್ತಿನ ಕಾಫಿ ಸೀಮೆಯಲ್ಲಿ ಓಡಾಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಹಳ್ಳವಾಗಿ, ಬೇಸಗೆಯಲ್ಲಿ ಉರುಳುಗಲ್ಲಿನ ಹಾಸಾಗಿ ಕಾಣುವ ಇಂಥ ದಾರಿಗಳಿಗೆಂದೇ ತಯಾರಾದ ಮೋಟಾರು ಸೈಕಲ್ಲುಗಳು ಈಚಿನ ವರ್ಷಗಳಲ್ಲಿ ನಮ್ಮಲ್ಲಿ ಬಳಕೆಗೆ ಬಂದಿವೆ. ನೆಲದಿಂದ ಎತ್ತರವಾದ ಇಂಜಿನ್ನು, ದೊಡ್ಡ ಮುಂಚಕ್ರ, ಉದ್ದನೆಯ ಸಸ್ಪೆನ್ಷನ್ ಇವುಗಳ ಗುರುತು. ಹೀರೋ ಸಂಸ್ಥೆಯ ಎಕ್ಸ್‌ಪಲ್ಸ್, ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಮುಂತಾದವು ಈ ಜಾತಿಯವು. ಇಂದು ಮಾರಾಟವಾಗುವ ಈ ಬಗೆಯ ಬೈಕುಗಳಲ್ಲಿ ಹಿಂದಿನ ಕಾರ್ಬ್ಯುರೇಟರಿನ ಬದಲು ಇಂಧನವನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ಇರುತ್ತದೆ.

ಇವುಗಳ ಸವಾರರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರೊಂದಿದೆ: “ಗಾಡಿ ಇದ್ದಕ್ಕಿದ್ದ ಹಾಗೆ ಆಫ್ ಆಗುತ್ತದೆ.” ಪೇಟೆಯ ಬೀದಿಯಲ್ಲಿ ಇದು ಬರಿಯ ಕಿರಿಕಿರಿ. ಕಡಿದಾದ ಏರಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡಿರುವಾಗ, ಇದು ಪ್ರಾಣಕ್ಕೆ ಎರವಾಗಬಹುದಾದ ಸಂಗತಿ. ಇಂಜಿನ್ನು ನಿಂತೊಡನೆ ಬೈಕು ಹಿಂದಕ್ಕೆ ಜಾರತೊಡಗುತ್ತದೆ. ಸಡಿಲ ಜಲ್ಲಿಯ ಮೇಲೆ ಮುಂದಿನ ಬ್ರೇಕೊಂದೇ ಅದನ್ನು ತಡೆಯಲಾರದು. ಇಂಥ ಸಮಯದಲ್ಲಿ ಗೇರನ್ನು ತೆಗೆಯದೆ ಕ್ಲಚ್ಚಿನ ಹಿಡಿಯನ್ನು ಬಿಟ್ಟುಬಿಡಬೇಕು. ನಿಂತ ಇಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾರಣದ ಹುಡುಕಾಟ ಆಮೇಲಿನದು.

ಕನ್ನಡ ಪಾಠ ಹೇಳಿದವನಿಗೆ ಇಂಜಿನ್ನಿನ ಉಸಾಬರಿ ಏಕೆಂದು ತಾವು ಕೇಳಬಹುದು. ಹಳೆಯ ಪದ್ಯವೊಂದು ಅರ್ಥವಾಗದಿದ್ದಾಗ ನಾವು ಅದರ ಶಬ್ದಗಳನ್ನು ಬದಲಾಯಿಸುವುದಿಲ್ಲ. ಎಲ್ಲಿ ಅರ್ಥ ಕಡಿಯುತ್ತದೆ ಎಂಬುದನ್ನು ಮೊದಲು ಗುರುತಿಸುತ್ತೇವೆ. ನಿಂತುಹೋಗುವ ಬೈಕಿನ ವಿಷಯದಲ್ಲೂ ದಾರಿ ಇದೇ ಎಂಬುದನ್ನು ಬಲ್ಲ ಮೆಕ್ಯಾನಿಕ್ಕುಗಳ ಪಕ್ಕದಲ್ಲಿ ಕುಳಿತು ನಾನು ಕಂಡುಕೊಂಡಿದ್ದೇನೆ. ಏಕೆ ನಿಲ್ಲುತ್ತದೆ ಎನ್ನುವ ಮೊದಲು ಯಾವಾಗ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ ಎಂದು ಕೇಳಬೇಕು. ನಾನಿಂದು ಹೇಳಬೇಕೆಂದಿರುವುದರ ತಿರುಳು ಇಷ್ಟೇ.

ಇಂಜಿನ್ನು ಓಡಬೇಕಾದರೆ ನಾಲ್ಕು ಬೇಕು: ಗಾಳಿ, ಪೆಟ್ರೋಲು, ಸಕಾಲಕ್ಕೆ ಕಿಡಿ, ಸಿಲಿಂಡರಿನೊಳಗೆ ಸೋರದ ಒತ್ತಡ. ಕಾರ್ಬ್ಯುರೇಟರಿನಲ್ಲಿ ಗಾಳಿಯೂ ಪೆಟ್ರೋಲೂ ಬೆರೆಯುವುದು ಸಹಜವಾದ ಸೆಳೆತದಿಂದ. ಕಿರಿದಾದ ಕೊಳವೆಯಲ್ಲಿ ಗಾಳಿ ವೇಗವಾಗಿ ಹಾಯುವಾಗ ಅಲ್ಲಿನ ಒತ್ತಡ ಕುಗ್ಗಿ, ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ಟಿನ ರಂಧ್ರದಿಂದ ಮೇಲೆದ್ದು ಬರುತ್ತದೆ. ಸ್ಕ್ರೂ ಒಂದನ್ನು ಅತ್ತಿತ್ತ ತಿರುಗಿಸಿ ಈ ಮಿಶ್ರಣವನ್ನು ಹದಗೊಳಿಸಬಹುದಾಗಿತ್ತು. ಮೈಸೂರಿನ ಕಾರ್ಖಾನೆಯಿಂದ 1996ರವರೆಗೆ ಹೊರಬರುತ್ತಿದ್ದ ಜಾವಾ, ಯೆಜ್ಡಿ ಬೈಕುಗಳನ್ನು ಕಿವಿಯಿಂದಲೇ ಶ್ರುತಿ ಮಾಡುತ್ತಿದ್ದ ಕುಶಲಿಗಳು ನಮ್ಮ ಊರೂರಿನಲ್ಲೂ ಇದ್ದರು.

ಇಂಜೆಕ್ಷನ್ನಿನಲ್ಲಿ ಸೆಳೆತದ ಸ್ಥಾನವನ್ನು ಲೆಕ್ಕ ಆಕ್ರಮಿಸಿದೆ. ಟ್ಯಾಂಕಿನೊಳಗಿನ ಪುಟ್ಟ ಪಂಪು ಪೆಟ್ರೋಲನ್ನು ಹಲವು ಬೈಕುಗಳಲ್ಲಿ ಸುಮಾರು 3 ಬಾರ್ ಒತ್ತಡದಲ್ಲಿ ಇಂಜೆಕ್ಟರಿಗೆ ಒದಗಿಸುತ್ತದೆ. ಇಂಜೆಕ್ಟರೆಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೂಕ್ಷ್ಮ ನಳ. ಅದು ಎಷ್ಟು ಹೊತ್ತು ತೆರೆದಿರಬೇಕೆಂದು ನಿರ್ಧರಿಸುವುದು ಇಸಿಯು ಎಂಬ ಗಣಕ. ಆಕ್ಸಿಲರೇಟರನ್ನು ಎಷ್ಟು ತಿರುಗಿಸಲಾಗಿದೆ, ಒಳಹೋಗುವ ಗಾಳಿಯ ಒತ್ತಡ ಮತ್ತು ಉಷ್ಣತೆ ಎಷ್ಟು, ಇಂಜಿನ್ನು ಎಷ್ಟು ಕಾದಿದೆ, ಕ್ರ್ಯಾಂಕು ಯಾವ ಸ್ಥಾನದಲ್ಲಿದೆ, ಹೊರಬರುವ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೇ ಎಂಬ ವರ್ತಮಾನಗಳನ್ನು ಸೆನ್ಸರುಗಳು ಅದಕ್ಕೆ ಮುಟ್ಟಿಸುತ್ತಿರುತ್ತವೆ. ನಿಮಿಷಕ್ಕೆ 1400 ಸುತ್ತಿನ ನಿಧಾನದ ಓಟದಲ್ಲಿಯೂ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ನಿಗೆ ಸೆಕೆಂಡಿಗೆ ಸುಮಾರು 12 ಬಾರಿ ಪೆಟ್ರೋಲು ಸಿಂಪಡಿಸಬೇಕು. ಪ್ರತಿ ಸಲವೂ ಕೆಲವೇ ಮಿಲಿಸೆಕೆಂಡುಗಳ ಕೆಲಸ.

ಈ ವಿದ್ಯೆ ತೀರ ಹೊಸದಲ್ಲ. ಕಾವಾಸಾಕಿ ಸಂಸ್ಥೆ 1980ರಲ್ಲಿಯೇ ಇಂಜೆಕ್ಷನ್ ಇರುವ ರಸ್ತೆ ಬೈಕನ್ನು ಮಾರುಕಟ್ಟೆಗೆ ತಂದಿತ್ತು. ಕೆಸರಿನ ಪಂದ್ಯಗಳಿಗೆಂದು ಮಾಡಿದ ಸುಜುಕಿಯ ಆರ್‌ಎಂ-ಜೆಡ್ 450 ಬೈಕಿನ 2008ರ ಮಾದರಿಯಲ್ಲಿ ಬ್ಯಾಟರಿಯೇ ಇಲ್ಲದೆ, ಒದೆತದಿಂದ ಹುಟ್ಟುವ ವಿದ್ಯುತ್ತಿನಿಂದಲೇ ಇಂಜೆಕ್ಷನ್ ನಡೆಯುವ ಏರ್ಪಾಡಿತ್ತು. ನಮ್ಮ ದೇಶದಲ್ಲಿ 2006ರ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡ ಈ ವ್ಯವಸ್ಥೆ, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮ ಜಾರಿಗೆ ಬಂದ ಮೇಲೆ ಹೆಚ್ಚುಕಡಮೆ ಎಲ್ಲ ಹೊಸ ಬೈಕುಗಳಿಗೂ ಹಬ್ಬಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕಾರ್ಬ್ಯುರೇಟರು ಕೆಟ್ಟರೆ ಕೆಟ್ಟದ್ದು ಅದೇ. ಇಂಜೆಕ್ಷನ್ನಿನ ಲೆಕ್ಕ ಕೆಟ್ಟಾಗ ಲೆಕ್ಕಿಗ ಕೆಟ್ಟಿರುವುದು ಅಪರೂಪ. ಅವನಿಗೆ ಸಿಕ್ಕ ಅಂಕಿ ಕೆಟ್ಟಿರುತ್ತದೆ, ಇಲ್ಲವೇ ಅವನ ಆಜ್ಞೆ ನಡೆಯಬೇಕಾದ ದಾರಿ ಕಟ್ಟಿರುತ್ತದೆ. ಹೀಗಿರುವಲ್ಲಿ ಹಳೆಯ ರೂಢಿಯಂತೆ ಕಂಡ ಸ್ಕ್ರೂವನ್ನೆಲ್ಲ ತಿರುಗಿಸುವುದು ರೋಗಕ್ಕಿಂತ ದೊಡ್ಡ ರೋಗ. ಥ್ರಾಟಲ್ ಬಾಡಿಯ ಮೇಲೆ ಬಣ್ಣದ ಚುಕ್ಕೆ ಇಟ್ಟು ಭದ್ರಪಡಿಸಿದ ಸ್ಕ್ರೂ ಒಂದಿರುತ್ತದೆ. ಆಕ್ಸಿಲರೇಟರು ಪೂರ್ತಿ ಮುಚ್ಚಿದ ಸ್ಥಾನ ಯಾವುದೆಂದು ಇಸಿಯು ಅರಿಯುವುದು ಅದರ ಆಧಾರದಿಂದ. ಅದನ್ನು ಕದಲಿಸಿದರೆ ಎಲ್ಲ ಲೆಕ್ಕಕ್ಕೂ ತಳಪಾಯವೇ ಅಲುಗಿದಂತೆ.

ಇನ್ನು ನಿಲ್ಲುವ ಬಗೆಗಳಿಗೆ ಬರೋಣ.

ಮೊದಲನೆಯದು, ದೀಪ ಆರಿದಂತೆ ತಟ್ಟನೆ ನಿಲ್ಲುವುದು. ಕೆಮ್ಮಿಲ್ಲ, ಮುನ್ಸೂಚನೆಯಿಲ್ಲ. ಇದು ಬಹುಮಟ್ಟಿಗೆ ವಿದ್ಯುತ್ತಿನ ದೋಷ. ಬ್ಯಾಟರಿಯ ತಂತಿಯ ಬೋಲ್ಟು ಕುಲುಕಾಟದಲ್ಲಿ ಸಡಿಲಾಗಿರಬಹುದು. ಪಕ್ಕದ ಸ್ಟ್ಯಾಂಡಿನ ಸ್ವಿಚ್ಚಿನಲ್ಲಿ ಕೆಸರು ಮೆತ್ತಿಕೊಂಡು, ಸ್ಟ್ಯಾಂಡು ಮೇಲಿದ್ದರೂ ಕೆಳಗಿದೆಯೆಂದು ಇಸಿಯುಗೆ ಸುಳ್ಳು ವರ್ತಮಾನ ಹೋಗುತ್ತಿರಬಹುದು. ಗೇರು ಹಾಕಿದೊಡನೆ ನಿಲ್ಲುವ ಬೈಕಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಇಂಜಿನ್ನು ನಿಧಾನವಾಗಿ ಓಡುತ್ತಿರುವಾಗ ಹ್ಯಾಂಡಲ್ಲನ್ನು ಎಡ ಬಲ ತುದಿಗಳವರೆಗೆ ತಿರುಗಿಸಿ ನೋಡಿ. ಸದ್ದು ಏರಿದರೆ ಆಕ್ಸಿಲರೇಟರಿನ ಕೇಬಲ್ಲು ಬಿಗಿಯಾಗಿದೆ. ಇಂಜಿನ್ನು ಸತ್ತರೆ ಹ್ಯಾಂಡಲ್ಲಿನ ಬುಡದಲ್ಲಿ ತಂತಿಯೊಂದು ಸವೆದು ಕಡಿಯುತ್ತಿದೆ. ಬೈಕು ಮಗುಚಿಬಿದ್ದಾಗ ಇಂಜಿನ್ನನ್ನು ತಾನಾಗಿ ನಿಲ್ಲಿಸುವ ಸೆನ್ಸರೂ ಹಲವು ಬೈಕುಗಳಲ್ಲಿದೆ. ಬಿದ್ದ ಬೈಕನ್ನೆತ್ತಿ ಸ್ಟಾರ್ಟರನ್ನು ಎಷ್ಟು ಒತ್ತಿದರೂ ಓಗೊಡದಿದ್ದರೆ ಬೀಗದ ಕೈಯನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಎಷ್ಟೋ ಬಾರಿ ಚಿಕಿತ್ಸೆ ಅಷ್ಟರಲ್ಲೇ ಮುಗಿಯುತ್ತದೆ.

ಎರಡನೆಯದು, ಉಬ್ಬಸದ ರೋಗಿಯಂತೆ ತಡೆತಡೆದು, ಬಲಗುಂದಿ ನಿಲ್ಲುವುದು. ಇದು ಪೆಟ್ರೋಲು ಸಾಲದ ಲಕ್ಷಣ. ಬೀಗದ ಕೈ ತಿರುಗಿಸಿದಾಗ ಟ್ಯಾಂಕಿನೊಳಗಿಂದ ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಕೇಳಬೇಕು. ಪಂಪು ಜೀವಂತವಾಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಆದರೆ ಸದ್ದಿದ್ದ ಮಾತ್ರಕ್ಕೆ ಒತ್ತಡವಿದೆಯೆಂದು ಹೇಳಲಾಗದು. ಅದನ್ನು ಗೇಜಿನಿಂದ ಅಳೆದೇ ತಿಳಿಯಬೇಕು. ಪಂಪಿನ ಜಾಲರಿ ಕಟ್ಟಿರಬಹುದು, ಇಂಜೆಕ್ಟರಿನ ಬಾಯಿ ಮಡ್ಡಿಗಟ್ಟಿರಬಹುದು. ಟ್ಯಾಂಕಿನಲ್ಲಿ ಪೆಟ್ರೋಲು ಕಡಮೆಯಿದ್ದು ಬೈಕು ಕಡಿದಾದ ಏರಿನಲ್ಲಿ ಓರೆಯಾದಾಗ ಪಂಪಿನ ಬಾಯಿಗೆ ಗಾಳಿಯೇ ಸಿಕ್ಕಿರಬಹುದು. 2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಲಾಯಿತು. ಎಥನಾಲ್ ನೀರನ್ನು ಹೀರುವ ವಸ್ತು. ಮಳೆಗಾಲದುದ್ದಕ್ಕೂ ಅರೆ ತುಂಬಿದ ಟ್ಯಾಂಕಿನೊಡನೆ ಬೈಕನ್ನು ಮೂಲೆಗೆ ನಿಲ್ಲಿಸಿದರೆ ತೇವ ಹೆಚ್ಚಿ, ನೀರು ಬೆರೆತ ಎಥನಾಲ್ ಬೇರೆಯಾಗಿ ತಳಕ್ಕಿಳಿಯಬಹುದು. ಪಂಪು ಹೀರುವುದು ಅದೇ ತಳದಿಂದ.

ಮೂರನೆಯದು, ಆಕ್ಸಿಲರೇಟರನ್ನು ಬಿಟ್ಟೊಡನೆ, ತಿರುವಿನಲ್ಲಿ ಕ್ಲಚ್ಚು ಹಿಡಿದೊಡನೆ ನಿಲ್ಲುವುದು. ಓಟದಲ್ಲಿ ಯಾವ ತೊಂದರೆಯೂ ಇಲ್ಲ, ವಿಶ್ರಾಂತಿಯಲ್ಲೇ ಸಾವು. ಇದು ಹೆಚ್ಚಾಗಿ ಗಾಳಿಯ ದಾರಿಯ ದೋಷ. ಥ್ರಾಟಲ್ ಬಾಡಿಯ ಚಿಟ್ಟೆಯ ರೆಕ್ಕೆಯಂಥ ಬಿಲ್ಲೆಯ ಸುತ್ತ ಮಸಿ ಕಟ್ಟಿ, ನಿಧಾನದ ಓಟಕ್ಕೆ ಬೇಕಾದ ಚೂರು ಗಾಳಿಯೂ ಹೋಗದಂತಾಗಿರುತ್ತದೆ. ಇಂಜಿನ್ನಿಗೂ ಥ್ರಾಟಲ್ ಬಾಡಿಗೂ ನಡುವಿನ ರಬ್ಬರು ಬಿರಿದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ನುಸುಳಿ ಮಿಶ್ರಣ ತೆಳುವಾಗುತ್ತದೆ. ಅಲ್ಲಿ ತುಸು ನೀರು ಚಿಮುಕಿಸಿದಾಗ ಇಂಜಿನ್ನಿನ ಸದ್ದು ಬದಲಾದರೆ ಬಿರುಕು ಸಿಕ್ಕಿತೆಂದೇ ತಿಳಿಯಬೇಕು. ಗಾಳಿ ಸೋಸುವ ಫಿಲ್ಟರು ಧೂಳಿನಿಂದ ಕಟ್ಟಿದ್ದರೂ ಫಲ ಇದೇ ಬಗೆಯದು.

ನಾಲ್ಕನೆಯದು, ತಣ್ಣಗಿರುವಾಗ ಚೆನ್ನಾಗಿದ್ದು ಕಾದ ಮೇಲೆ ನಿಲ್ಲುವುದು. ಬಿಸಿಗೆ ಸೋಲುವ ಇಗ್ನಿಷನ್ ಕಾಯಿಲು, ಸುಳ್ಳು ಹೇಳುವ ಉಷ್ಣತೆಯ ಸೆನ್ಸರು ಇವು ಶಂಕಿತರು. ಇವರ ಜೊತೆಗೆ ಎಲ್ಲರೂ ಮರೆಯುವ ಇನ್ನೊಬ್ಬನಿದ್ದಾನೆ, ವಾಲ್ವು. ಕಾಲಕ್ರಮದಲ್ಲಿ ವಾಲ್ವು ತನ್ನ ಪೀಠದೊಳಗೆ ಸವೆದು ಇಳಿದಂತೆ ಅದಕ್ಕಿರಬೇಕಾದ ಸಡಿಲ ಕಡಮೆಯಾಗುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದರ ಆಸುಪಾಸಿನ ಮಾತು ಇದು. ಇಂಜಿನ್ನು ಕಾದಾಗ ಲೋಹ ಹಿಗ್ಗಿ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗೆ ಜನ ಹೆದರುತ್ತಾರೆ. ಹೆಚ್ಚು ಅಂಜಬೇಕಾದದ್ದು ಸದ್ದೇ ಅಡಗಿದ ಟ್ಯಾಪೆಟ್ಟಿಗೆ.

ಯಾವಾಗ ಎಂಬ ಪ್ರಶ್ನೆಯ ಬೆಲೆಯೇನೆಂಬುದಕ್ಕೆ ನನ್ನ ಬಂಧುವರ್ಗದ ಒಂದು ನಿದರ್ಶನ ಹೇಳುತ್ತೇನೆ. ಮೂಡಿಗೆರೆಯ ಕಡೆಯ ತೋಟವೊಂದರಲ್ಲಿ ನನ್ನ ಅಣ್ಣನ ಮಗ ರೈಟರಾಗಿದ್ದಾನೆ. ಅವನ ಬೈಕು ಹೊರಟ ಸುಮಾರು ಇಪ್ಪತ್ತು ನಿಮಿಷಕ್ಕೆ ಬಲಗುಂದಿ ನಿಲ್ಲುತ್ತಿತ್ತು. ತುಸು ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಪ್ಲಗ್ಗನ್ನು ಬದಲಾಯಿಸಿದರು, ಆಮೇಲೆ ಪಂಪನ್ನೇ ಬದಲಾಯಿಸಿದರು. ಸಾವಿರಾರು ರೂಪಾಯಿ ಖರ್ಚಾಯಿತು. ಕಾಯಿಲೆ ಹಾಗೆಯೇ ಉಳಿಯಿತು. ಒಂದು ಸಂಜೆ ಹಾವು ಕಚ್ಚಿದ್ದ ಆಳೊಬ್ಬರನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದಾಗ ಏರಿನ ನಡುವೆ ಬೈಕು ನಿಂತಿತು. ದೈವಕೃಪೆಯಿಂದ ಎದುರಿಗೆ ಜೀಪೊಂದು ಬಂತು. ಆ ಮನುಷ್ಯ ಉಳಿದರು.

ಮಾರನೆಯ ವಾರ ಊರಿನ ಹಿರಿಯ ಮೆಕ್ಯಾನಿಕ್ಕೊಬ್ಬರು ಬೈಕನ್ನು ಮುಟ್ಟುವ ಮೊದಲು ಕೇಳಿದರು: “ಎಷ್ಟು ಹೊತ್ತಿಗೆ ನಿಲ್ಲುತ್ತೆ ರೈಟ್ರೇ?” ಇವನು ಇಪ್ಪತ್ತು ನಿಮಿಷದ ಲೆಕ್ಕ ಹೇಳಿದ. “ಹಂಗಾದ್ರೆ ಇನ್ನೊಂದ್ಸಲ ನಿಂತಾಗ ಬೇರೇನೂ ಮುಟ್ಟಬೇಡಿ. ಟ್ಯಾಂಕಿನ ಮುಚ್ಚಳ ತೆಗೆದು, ಏನು ಕೇಳಿಸುತ್ತೆ ನೋಡ್ಕೊಂಡು ಬನ್ನಿ” ಎಂದರು. ನಿಂತಾಗ ಮುಚ್ಚಳ ತೆರೆದರೆ ಉಸ್ಸೆಂದು ಗಾಳಿ ಒಳನುಗ್ಗಿತು. ಬೈಕು ಆ ಕ್ಷಣವೇ ಹೊರಟಿತು. ಟ್ಯಾಂಕಿನಿಂದ ಪೆಟ್ರೋಲು ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದಿರುವ ಸಣ್ಣ ಕೊಳವೆಯ ತುದಿಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಒಳಗೆ ಗಾಳಿಯಿಲ್ಲದೆ ಸೆಳೆತ ಹೆಚ್ಚಿ, ಹೊಸ ಪಂಪಿಗೂ ಪೆಟ್ರೋಲನ್ನು ದೂಡಲಾಗುತ್ತಿರಲಿಲ್ಲ. ತೆಳುವಾದ ತಂತಿಯೊಂದರಿಂದ ಗೂಡನ್ನು ತೆಗೆದದ್ದಷ್ಟೇ ರಿಪೇರಿ. ಬೆಲೆ ಒಂದು ಲೋಟ ಕಾಫಿ. ಪಂಪನ್ನು ಬದಲಾಯಿಸಿದವರಿಗೆ ಕೆಲಸ ಬರುತ್ತಿರಲಿಲ್ಲವೆಂದು ನಾನು ಹೇಳಲಾರೆ. ಅವರು ಗಡಿಯಾರವನ್ನು ವಿಚಾರಿಸಿರಲಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಪ್ರಶ್ನೋತ್ತರಕ್ಕೆ ಸಮಯವಿರುವುದಿಲ್ಲ. ಹಳ್ಳ ದಾಟುವಾಗ ಇಂಜಿನ್ನು ನಿಂತರೆ ನಮ್ಮ ಹೆಬ್ಬೆರಳು ತಾನಾಗಿ ಸ್ಟಾರ್ಟರಿನ ಗುಂಡಿಯತ್ತ ಹೋಗುತ್ತದೆ. ಅದನ್ನು ತಡೆಯಬೇಕು. ಗಾಳಿಯ ದಾರಿಯಿಂದ ನೀರು ಸಿಲಿಂಡರಿಗೆ ಹೊಕ್ಕಿದ್ದರೆ ಪಿಸ್ಟನ್ನು ಅದನ್ನು ಒತ್ತಲಾರದು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆಗ ಬಾಗುವುದು ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡು. ಬೈಕನ್ನು ದಡಕ್ಕೆ ತಳ್ಳಿ, ಫಿಲ್ಟರಿನ ಪೆಟ್ಟಿಗೆ ತೆರೆದು ನೋಡಬೇಕು. ಅಲ್ಲಿ ನೀರಿದ್ದರೆ ಪ್ಲಗ್ಗನ್ನು ಕಳಚಿ, ಇಂಜಿನ್ನನ್ನು ತಿರುಗಿಸಿ ಸಿಲಿಂಡರಿನ ನೀರನ್ನು ಹೊರಹಾಕಬೇಕು. ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬದಲಾಯಿಸದೆ ಓಡಿಸಬಾರದು. ಅರ್ಧ ಗಂಟೆಯ ತಾಳ್ಮೆ ಇಡೀ ಇಂಜಿನ್ನನ್ನು ಉಳಿಸುತ್ತದೆ.

ಇನ್ನು ಎತ್ತರದ ಪ್ರಶ್ನೆ. ನಮ್ಮ ತರುಣರು ಬೆಂಗಳೂರಿನಿಂದ ಲಡಾಖಿನವರೆಗೂ ಬೈಕಿನಲ್ಲಿ ಹೋಗಿಬರುತ್ತಾರೆ. ಅಲ್ಲಿನ ಖರ್ದುಂಗ್ ಲಾ ಕಣಿವೆಯ ದಾರಿ 5,359 ಮೀಟರು ಎತ್ತರದಲ್ಲಿದೆ. ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟು. ಕಾರ್ಬ್ಯುರೇಟರಿಗೆ ಈ ಬದಲಾವಣೆ ತಿಳಿಯುವುದಿಲ್ಲ. ಗಾಳಿಗೆ ಮೀರಿದ ಪೆಟ್ರೋಲು ಹೋಗಿ ಇಂಜಿನ್ನು ಕಟ್ಟಿಕೊಳ್ಳುತ್ತದೆ. ಇಂಜೆಕ್ಷನ್ನು ಒತ್ತಡವನ್ನು ಅಳೆದು ಪೆಟ್ರೋಲನ್ನು ಅದಕ್ಕೆ ತಕ್ಕಂತೆ ಇಳಿಸುತ್ತದೆ. ಆದರೂ ಬಲ ಅರ್ಧಕ್ಕಿಳಿಯುವುದು ತಪ್ಪದು, ಏಕೆಂದರೆ ಸುಡಲು ಗಾಳಿಯೇ ಅಷ್ಟಿರುವುದು. ಅಲ್ಲಿ ಬೈಕು ನಿಂತರೆ ದೋಷವೆಂದು ಬಗೆಯುವ ಮುನ್ನ, ಸುತ್ತು ತುಸು ಏರಿಸಿ ಕ್ಲಚ್ಚನ್ನು ಮೆಲ್ಲಗೆ ಬಿಡುವುದನ್ನು ರೂಢಿಸಿಕೊಳ್ಳಬೇಕು.

ಕೊನೆಯದಾಗಿ ಶ್ರುತಿಯ ಮಾತು. ತಂಬೂರಿಯ ಒಂದು ತಂತಿ ಹರಿದಿರುವಾಗ ಉಳಿದವನ್ನು ಬಿಗಿಮಾಡುತ್ತ ಕುಳಿತವನನ್ನು ನಾವು ಸಂಗೀತಗಾರನೆನ್ನುವುದಿಲ್ಲ. ಬೈಕನ್ನು ಶ್ರುತಿ ಮಾಡುವ ಮೊದಲು ಅದು ಸ್ವಸ್ಥವಾಗಿದೆಯೇ ಎಂದು ನೋಡಬೇಕು. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟು ತೋರಬೇಕು. ಸ್ಟಾರ್ಟರು ಒತ್ತಿದಾಗ 10ರ ಕೆಳಗೆ ಕುಸಿದರೆ ಇಸಿಯು ಅರೆಪ್ರಜ್ಞೆಗೆ ಸಂದಂತೆ. ಇಂಜಿನ್ನು ಓಡುವಾಗ 13.5ರಿಂದ 14.5ರ ನಡುವೆ ಇರಬೇಕು. ಫಿಲ್ಟರು, ಪ್ಲಗ್ಗು, ವಾಲ್ವಿನ ಸಡಿಲ, ಥ್ರಾಟಲ್ ಬಾಡಿಯ ಶುಚಿ, ಕೇಬಲ್ಲಿನ ಸಡಿಲ ಇವನ್ನು ಕ್ರಮವಾಗಿ ನೋಡಬೇಕು. ಮೀಟರಿನ ಫಲಕದಲ್ಲಿ ಇಂಜಿನ್ನಿನ ಆಕಾರದ ದೀಪ ಹೊತ್ತಿಕೊಂಡಿದ್ದರೆ ಇಸಿಯು ತನ್ನ ದೂರನ್ನು ದಾಖಲಿಸಿಟ್ಟಿದೆಯೆಂದು ಅರ್ಥ. ಆ ಸಂಕೇತವನ್ನು ಓದಿಸದೆ ಒಂದು ಭಾಗವನ್ನೂ ಬದಲಾಯಿಸಗೊಡಬೇಡಿ.

ಇಷ್ಟೆಲ್ಲ ಸರಿಯಿದ್ದೂ ಆಕ್ಸಿಲರೇಟರನ್ನು ಥಟ್ಟನೆ ತಿರುಗಿಸಿದಾಗ ಇಂಜಿನ್ನು ಮುಗ್ಗರಿಸಿದರೆ ಆಗ ಮಿಶ್ರಣದ ವಿಚಾರ. ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಾಲು ಗಾಳಿ ಬೇಕು. ಶೇಕಡ 20 ಎಥನಾಲ್ ಬೆರೆತಾಗ ಸುಮಾರು 13.5 ಪಾಲು ಸಾಕು. ಸಮವೇಗದ ಓಟದಲ್ಲಿ ಆಮ್ಲಜನಕದ ಸೆನ್ಸರಿನ ಮಾತು ಕೇಳಿ ಇಸಿಯು ಈ ಪ್ರಮಾಣವನ್ನು ತಾನೇ ತಿದ್ದಿಕೊಳ್ಳುತ್ತದೆ. ಆಕ್ಸಿಲರೇಟರನ್ನು ಥಟ್ಟನೆ ತೆರೆದಾಗ ಆ ಮಾತಿಗೆ ಕಾಯುವಷ್ಟು ವ್ಯವಧಾನವಿಲ್ಲ. ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕವನ್ನೇ ಅದು ನಂಬುತ್ತದೆ. ಸೈಲೆನ್ಸರನ್ನೂ ಫಿಲ್ಟರನ್ನೂ ಬದಲಾಯಿಸಿದವರ ಬೈಕು ನಿಲ್ಲತೊಡಗುವುದು ಈ ಕಾರಣದಿಂದ: ಹಾಯುವ ಗಾಳಿ ಬೇರೆಯಾಯಿತು, ಕೋಷ್ಟಕ ಹಳೆಯದೇ ಉಳಿಯಿತು. ಮೊದಲಿನ ಭಾಗಗಳನ್ನು ಮರಳಿ ಹಾಕಿ ನೋಡುವುದು ಉತ್ತಮ ಪರೀಕ್ಷೆ. ಕೋಷ್ಟಕವನ್ನೇ ತಿದ್ದುವ ಉಪಕರಣಗಳೂ ಇವೆ. ಅವು ಅಳತೆಯ ಸಾಧನವಿರುವ, ಹೊಗೆಯ ನಿಯಮ ಬಲ್ಲ ತಜ್ಞರ ಕೈಯಲ್ಲಿರಲಿ. ಆಮ್ಲಜನಕದ ಸೆನ್ಸರನ್ನು ಕಿತ್ತು ಅದರ ಜಾಗದಲ್ಲಿ ಇಸಿಯುವನ್ನು ಮರುಳುಗೊಳಿಸುವ ತುಣುಕನ್ನು ಸೇರಿಸುವುದು ಕಣ್ಣಿಗೆ ಬಟ್ಟೆ ಕಟ್ಟಿ ದಾರಿ ಕೇಳಿದ ಹಾಗೆ.

ಕಿವಿಯಿಂದ ಶ್ರುತಿ ಮಾಡುತ್ತಿದ್ದ ಕಾಲ ಮುಗಿಯಿತೆಂದು ಹಲವರು ವಿಷಾದಪಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಸ್ಕ್ರೂವಿನ ಮೇಲಿನ ಕೈಗೆ ಕೆಲಸ ಕಡಮೆಯಾಗಿದೆ, ಕಿವಿಗೆ ಆಗಿಲ್ಲ. ಗುಂಯ್ ಎನ್ನುವ ಪಂಪು, ಉಸ್ಸೆನ್ನುವ ಟ್ಯಾಂಕು, ಸದ್ದಡಗಿದ ಟ್ಯಾಪೆಟ್ಟು ಇವನ್ನು ಯಾವ ಗಣಕವೂ ನಮ್ಮ ಪರವಾಗಿ ಆಲಿಸುವುದಿಲ್ಲ. ಡಾಂಬರಿಲ್ಲದ ದಾರಿಯಲ್ಲಿ ಬೈಕು ನಡೆಸುವವರು ಜೇಬಿನಲ್ಲೊಂದು ಚೀಟಿ ಇಟ್ಟುಕೊಳ್ಳಲಿ. ಬೈಕು ನಿಂತಾಗಲೆಲ್ಲ ಗಂಟೆ ಎಷ್ಟು, ಏರೋ ಇಳಿಜಾರೋ, ಇಂಜಿನ್ನು ಬಿಸಿಯೋ ತಣ್ಣಗೋ, ತಟ್ಟನೆಯೋ ತಡೆತಡೆದೋ, ಟ್ಯಾಂಕಿನಲ್ಲಿ ಪೆಟ್ರೋಲೆಷ್ಟು ಎಂದು ಐದು ಮಾತು ಬರೆದುಕೊಳ್ಳಲಿ. ಮೆಕ್ಯಾನಿಕ್ಕಿನ ಕೈಗೆ ಬೀಗದ ಕೈಗಿಂತ ಮೊದಲು ಆ ಚೀಟಿಯನ್ನು ಕೊಡಲಿ.